ಹಗ್ಗ ಹಿಡಿದವನ ಪಾಲು

ಪ್ರೇಮಾನಂದ ದಾರ ಹಿಡಿದುಕೊಂಡು ಹೆಣದ ಕಾಲಬುಡದಲ್ಲಿ ಸುಮ್ಮನೆ ಕೂತುಬಿಟ್ಟಿದ್ದ. ಎರಡು ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟಬೇಕು. ಕೇರಿಯಲ್ಲಿ ಯಾರು ಸತ್ತರೂ ಅದು ಅವನದೇ ಕೆಲಸ. ಆದರೆ ಗುಡ್ಡನಿಗಿದ್ದದ್ದು ಒಂದೇ ಕಾಲು. ಬಲಗಾಲು ಮಂಡಿಯಿಂದ ಮೇಲಕ್ಕೇ ಮುಗಿದಿತ್ತು.

“ಹ್ವಾಯ್ ಶೇಖರಣ್ಣ, ಇದನ್ನ್ ಎಂತದಕ್ಕೆ ಕಟ್ಟುದ್ ಮರ್ರೆ?”

ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಜೋಡಿಸುತ್ತಿದ್ದ ಶೇಖರ ತಲೆ ಎತ್ತಿದ. ಶಿರೂರಿನ ಆ ಕಡಲತಡಿಯಲ್ಲಿ, ದಡದಿಂದಲೇ ಹಗ್ಗ ಹಿಡಿದು ಎಳೆಯುವ ಕೈರಂಪಣಿ ಬಲೆಯ ಯಜಮಾನ ಅವನು. ಬಲೆಯಲ್ಲೂ ಮಸಣದಲ್ಲೂ ಕೊನೆಯ ಮಾತು ಅವನದೇ.

“ಆಮೇಲ್ ಚಟ್ಟದ್ ಬಿದ್ರಿಗೇ ಕಟ್ಟ್. ಇಲ್ದಿದ್ ಕಾಲ್ ಎಲ್ಲಿಂದ ತಕಂಡ್ ಬಪ್ಪುದ್?”

ತಲೆಯ ಹತ್ತಿರ ಕೂತಿದ್ದ ಸೀತು ಇದನ್ನು ಕೇಳಿಸಿಕೊಂಡಳು. ಗುಡ್ಡನ ತಂಗಿ ಅವಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಜೊತೆಗೇ ಇದ್ದು, ಮೀನು ಮಾರಿ ಇಬ್ಬರ ಹೊಟ್ಟೆ ಹೊರೆದವಳು. ಅವಳಿಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಇಲ್ಲದ ಕಾಲು ಇವತ್ತು ಎಲ್ಲರ ಕಣ್ಣಿಗೂ ಬಿದ್ದಿದೆ. ಒಂದು ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ ಬರೆದುಕೊಡಿ ಎಂದು ಅಂಗಲಾಚಿದಾಗ ಇದೇ ಕಣ್ಣುಗಳು ಕಡಲಿನ ಕಡೆ ತಿರುಗಿದ್ದವು.

“ಪಾಪದ್ ಜನ,” ಎಂದಳು ಪಕ್ಕದ ಮನೆಯ ಮುದುಕಿ ಅಮ್ಮಣ್ಣಿ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. “ಯಾರಿಗೂ ಒಂದ್ ಎದುರ್ ಮಾತಾಡ್ಲಿಲ್ಲ.”

“ಹಗ್ಗಕ್ಕೆ ಕೈ ಹಾಕ್ರೆ ಬಿಡೂ ಆಳ್ ಅಲ್ಲ ಅಂವ,” ಶೇಖರ ಬಿದಿರು ಬಿಗಿಯುತ್ತ ಹೇಳಿದ. “ಎಂಥಾ ಎಳ್ತ ಅವ್ನದ್! ಎರಡ್ ಕಾಲ್ ಇದ್ದರಿಗೂ ಆತಿರ್ಲಿಲ್ಲ.”

ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ಸೀತು ಹಲ್ಲು ಕಚ್ಚಿಕೊಂಡಳು.

*

೧೯೯೭ರಲ್ಲಿ ಗುಡ್ಡ ಗಂಗೊಳ್ಳಿಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿದ್ದ. ಬಲೆ ಎತ್ತುವ ವಿಂಚಿನ ಹಗ್ಗಕ್ಕೆ ಕಾಲು ಸಿಕ್ಕಿತು. ಆಗ ಅವನಿಗೆ ಇಪ್ಪತ್ತಾರು ವರ್ಷ. ಒಂದು ಹೆಣ್ಣು ನೋಡಿಟ್ಟಿದ್ದರು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಎರಡು ವರ್ಷ ಅಲೆದ ಮೇಲೆ ಅಂಗವಿಕಲರ ಮಾಸಾಶನ ಮಂಜೂರಾಯಿತು. ಅದರಿಂದ ಅವನ ಮದ್ದು, ಮನೆಯ ಅಕ್ಕಿ ಹೇಗೋ ಸಾಗುತ್ತಿತ್ತು.

ಆದರೆ ಗಂಡಸು ಮನೆಯಲ್ಲಿ ಕೂತು ತಿನ್ನುವುದೆಂದರೆ ಅವನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದನ್ನು ಕಂಡ ಶೇಖರ ಒಂದು ಬೆಳಿಗ್ಗೆ ಅವನನ್ನು ಕೂಗಿ ಕರೆದ. ಕೈರಂಪಣಿಯಲ್ಲಿ ದೋಣಿ ಬಲೆಯನ್ನು ಕಡಲಲ್ಲಿ ಸುತ್ತು ಬಿಟ್ಟು ಬರುತ್ತದೆ. ಆಮೇಲೆ ದಡದಲ್ಲಿ ಎರಡು ಸಾಲು ನಿಂತು ಹಗ್ಗ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲುಂಟು, ಹಾಕದವರಿಗೆ ಇಲ್ಲ. ಅದು ಅಜ್ಜಂದಿರ ಕಾಲದ ಕಟ್ಟು. ಗುಡ್ಡನನ್ನು ಹಗ್ಗದ ಬಾಲದಲ್ಲಿ, ಮರಳಿನ ಮೇಲೆ ಕೂರಿಸಿದರು. ಅಷ್ಟು ಹಿಂದೆ ಹಗ್ಗಕ್ಕೆ ಭಾರವೇ ಇರುವುದಿಲ್ಲ. ಮುಂದಿನವರು ಎಳೆದದ್ದು ಅವನ ಕೈಗೆ ಸಡಿಲವಾಗಿ ಬಂದು ಬೀಳುತ್ತಿತ್ತು.

ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಗುಡ್ಡನೂ ಹಲ್ಲು ಕಚ್ಚಿ, ಬೆವರು ಸುರಿಸಿ, “ಹೋ” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ. ಮನೆಗೆ ಬಂದು ಬಂಗುಡೆಯನ್ನು ಸೀತುವಿನ ಬುಟ್ಟಿಗೆ ಸುರಿದು, “ಇಗಾ, ನನ್ ಪಾಲ್,” ಎನ್ನುತ್ತಿದ್ದ. ಅವಳಿಗೆ ನಗು ಬರುತ್ತಿತ್ತು, ಹೊಟ್ಟೆಯೂ ತಣ್ಣಗಾಗುತ್ತಿತ್ತು.

ಹನ್ನೆರಡು ವರ್ಷ ಹೀಗೇ ನಡೆಯಿತು. ೨೦೧೧ರಲ್ಲಿ ಮಾಸಾಶನದ ತಪಾಸಣೆಗೆಂದು ಒಬ್ಬರು ಬಂದರು. ಮನೆಗೆ ಬೀಗ ಇದ್ದದ್ದು ಕಂಡು ಕಡಲತಡಿಗೇ ಹೋದರು. ಆ ಕಂಕುಳಕೋಲಿನವರು ಏನು ಮಾಡುತ್ತಿದ್ದಾರೆ ಎಂದು ಕೇಳಿದರಂತೆ. ಅಲ್ಲೇ ಹಗ್ಗ ಸುತ್ತುತ್ತಿದ್ದ ಪ್ರೇಮಾನಂದನಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಗುಡ್ಡನ ಎದುರು ದಿನವೂ ಆಡುವ ಮಾತನ್ನೇ ಆಡಿದ.

“ಬಲಿ ಎಳುದಲ್ದಾ? ನಮ್ ಗುಡ್ಡಣ್ಣ ಕೈ ಹಾಕ್ದಿದ್ರೆ ಬಲಿ ದಡಕ್ಕೆ ಬತ್ತೇ ಇಲ್ಲ ಕಾಣಿ!”

ಬಂದವರು ಅದನ್ನು ಹಾಗೇ ಬರೆದುಕೊಂಡರು. ಮೀನುಗಾರಿಕೆಯಲ್ಲಿ ದುಡಿದು ಆದಾಯ ಗಳಿಸುತ್ತಿರುವುದು ಕಂಡುಬಂದದ್ದರಿಂದ ಮಾಸಾಶನ ರದ್ದು ಎಂದು ಎರಡು ತಿಂಗಳಲ್ಲಿ ಕಾಗದ ಬಂತು.

*

“ನೀರ್ ಹೊಯ್ಯುಕೆ ಯಾರ್ ಬತ್ರ್?” ಪ್ರೇಮಾನಂದ ಕೂಗಿದ.

ಸೀತು ಎದ್ದು ಹೋಗಿ ಅಣ್ಣನ ಮೈಮೇಲೆ ನೀರು ಹೊಯ್ದಳು. ಎದೆಯ ಮೇಲೆ ಇನ್ನೂ ಮರಳಿತ್ತು. ಚೆಂಬನ್ನು ಪ್ರೇಮಾನಂದನ ಕೈಗೆ ಕೊಟ್ಟು ಅದನ್ನು ಅಂಗೈಯಿಂದ ಉಜ್ಜಿ ತೆಗೆದಳು. ಅವನು ಅವಳ ಮುಖ ನೋಡದೆ ಮೆಲ್ಲಗೆ, “ಸೀತಕ್ಕ, ಅವತ್ತ್ ನಾನ್ ಬೇಕಂದ್ ಹೇಳದ್ದಲ್ಲ,” ಎಂದ.

“ಗೊತ್ತಿತ್ತ್,” ಎಂದಳು. “ನೀರ್ ಹೊಯ್ಯಿ.”

*

ಮೇಲ್ಮನವಿ ಹಾಕಿದ್ದು ಸೀತುವೇ. ಓದು ಬಾರದವಳು ಝೆರಾಕ್ಸ್ ಅಂಗಡಿಯ ಹುಡುಗಿಯ ಕೈಲಿ ಬರೆಸಿದಳು. ವೈದ್ಯರ ಸರ್ಟಿಫಿಕೇಟು, ರೇಷನ್ ಕಾರ್ಡು, ಅಣ್ಣನ ಫೋಟೋ ಎಲ್ಲವನ್ನೂ ಮೀನಿನ ವಾಸನೆ ಹತ್ತದ ಹಾಗೆ ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಚೇರಿಯಿಂದ ಕಚೇರಿಗೆ ಹೊತ್ತಳು. ತೀರ್ಮಾನ ಆಗುವವರೆಗೆ ಹಗ್ಗ ಮುಟ್ಟಕೂಡದೆಂದು ಅಣ್ಣನಿಗೆ ಕಟ್ಟಪ್ಪಣೆ ಮಾಡಿದಳು. ಐದು ತಿಂಗಳು ಅವನು ಹೊಸ್ತಿಲು ದಾಟಲಿಲ್ಲ. ತಡಿಯಿಂದ “ಹೋ” ಎಂಬ ಕೂಗು ಕೇಳಿದರೆ ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದ. ನಿದ್ದೆ ಹೋಯಿತು, ಬಿ.ಪಿ. ಏರಿತು. ಉಣ್ಣುವಾಗ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, “ನಾನ್ ಎಂತ ಕದ್ದಿದ್ನಾ ಸೀತು?” ಎಂದು ಕೇಳುತ್ತಿದ್ದ.

ಅವಳು ಶೇಖರನ ಮನೆಗೂ ಹೋದಳು. “ಶೇಖರಣ್ಣ, ಅಂವ ಎಳುದಿಲ್ಲ, ಸುಮ್ನೆ ಹಿಡ್ಕಂಡ್ ಕೂಕಂತ ಅಂದೇಳಿ ಒಂದ್ ಗೆರೆ ಬರ್ದ್ ಕೊಡಿನಿ. ನಿಮ್ ಕಾಲಿಗ್ ಬೀಳ್ತೆ.”

ಶೇಖರ ಕಡಲಿನ ಕಡೆ ಮುಖ ತಿರುಗಿಸಿದ. “ಎಳೀದಿದ್ದನಿಗೆ ಪಾಲ್ ಕೊಟ್ಟಿತ್ ಅಂದೇಳಿ ನಾನೇ ಬರ್ದ್ರೆ, ನಾಳೆ ನಲ್ವತ್ ಮನೆಯರ್ ಎಂತ ಕೇಂತ್ರ್ ಹೇಳ್? ಕಟ್ಟ್ ಮುರ್ದ್ ಹೋತ್. ಮತ್ತ್ ಅವ್ನ್ ಮಾನ? ಅದನ್ನೂ ಕಾಗ್ದದಂಗೆ ಬರ್ದ್ ತೆಗುದಾ?”

ಕೊನೆಗೆ ವಿಚಾರಣೆಯ ದಿನ ಬಂತು. ಶಿರೂರಿನಿಂದ ಕುಂದಾಪುರದವರೆಗೆ ಬಸ್ಸಿನಲ್ಲಿ ಸೀತು ಅಣ್ಣನಿಗೆ ಪಾಠ ಹೇಳಿದಳು. ‘ಸುಮ್ನೆ ಹಿಡ್ಕಂಡ್ ಕೂಕಂತಿದ್ದೆ’ – ಇಷ್ಟೇ ಹೇಳಬೇಕು, ಹೆಚ್ಚು ಬೇಡ. ಗುಡ್ಡ ಆಯ್ತೆಂದ. ಮೆಟ್ಟಿಲು ಹತ್ತಿಸಲು ಪ್ರೇಮಾನಂದನೂ ಬಂದಿದ್ದ.

ಅಧಿಕಾರಿ ಕೆಟ್ಟವರೇನಲ್ಲ. ಕುರ್ಚಿ ಹಾಕಿಸಿ ಕೂರಿಸಿ ಕೇಳಿದರು: “ನೀವು ನಿಜವಾಗಿಯೂ ಬಲೆ ಎಳೆಯುತ್ತಿದ್ದಿರಾ, ಅಥವಾ ಸುಮ್ಮನೆ ಕೂತಿರುತ್ತಿದ್ದಿರಾ?”

ಗುಡ್ಡ ತಂಗಿಯನ್ನು ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಪ್ರೇಮಾನಂದನನ್ನು ನೋಡಿದ.

“ಎಳಿತಿದ್ದೆ ಸಾರ್,” ಎಂದ. “ಹನ್ನೆರ್ಡ್ ವರ್ಷ ಎಳ್ದಿದ್ದೆ. ಪುಕ್ಕಟೆ ಪಾಲ್ ತಿಂದವ ಅಲ್ಲ ನಾನ್.”

ವಾಪಸು ಬರುವಾಗ ಸೀತು ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದ ಮೇಲೆ ಬಾಯಿಗೆ ಬಂದ ಹಾಗೆ ಬೈದಳು. “ನಿನ್ ಸೊಕ್ಕನ್ನೇ ಬೇಸಿ ಉಣ್ಣ್!” ಎಂದಳು.

ಮನವಿ ವಜಾ ಎಂಬ ಕಾಗದ ಮೊನ್ನೆ ಬಂತು. ನಿನ್ನೆ ಬೆಳಿಗ್ಗೆ ಗುಡ್ಡ ಕೋಲೂರಿಕೊಂಡು ತಡಿಗೆ ಹೋದ. ಬಾಲಕ್ಕೆ ಹೋಗಲಿಲ್ಲ. ಹಗ್ಗದ ನಡುವಿಗೆ, ಭಾರ ಬೀಳುವಲ್ಲಿಗೆ ಹೋಗಿ ನಿಂತ. ಶೇಖರ “ಹಿಂದ್ ಬಾ ಮಾರಾಯ” ಎಂದು ಕರೆದರೆ, “ಇಲ್ಲೇ ಎಳಿತೆ” ಎಂದನಂತೆ. ಕೋಲು ಬಿಸಾಡಿ, ಒಂಟಿ ಹಿಮ್ಮಡಿಯನ್ನು ಮರಳಲ್ಲಿ ಹೂತು, ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದ. ಬಲೆ ಅರ್ಧ ಬರುವಷ್ಟರಲ್ಲಿ ಎದೆ ಹಿಡಿದುಕೊಂಡು ಮಕಾಡೆ ಬಿದ್ದ.

*

ಚಟ್ಟಕ್ಕೆ ಏರಿಸಿ, ಬಿಳಿ ಬಟ್ಟೆ ಹೊದಿಸಿ, ಮುಖ ಮಾತ್ರ ಬಿಟ್ಟಿದ್ದರು. ನಾಲ್ವರು ಎತ್ತಲು ಬಾಗಿದಾಗ ಶೇಖರ ಮತ್ತೆ, “ಎಂಥಾ ಎಳುವ ಆಳ್ ಹೋಯ್ತ್!” ಎಂದು ಲೊಚಗುಟ್ಟಿದ.

ಸೀತು ಚಟ್ಟದ ಎದುರು ಬಂದು ನಿಂತಳು.

“ಎತ್ಬೇಡಿ. ಈಗ ಹೇಳಿ. ಕಾಗ್ದ ಬೇಡ, ಸಹಿ ಬೇಡ. ಇದ್ದದ್ ಹೇಳಿ. ಎಳಿತಿದ್ನಾ ಅಂವ?”

“ಹೆಣ್ಣೆ, ಇದೆಂತ ಹೊತ್ತಲ್ದ್ ಹೊತ್ತಂಗೆ,” ಎಂದು ಅಮ್ಮಣ್ಣಿ ಅವಳ ರಟ್ಟೆ ಹಿಡಿದಳು. ಸೀತು ಕೊಡವಿಕೊಂಡಳು.

“ನೀವ್ ಹೇಳದೆ ಹೆಣ ಏಳುದಿಲ್ಲ ಶೇಖರಣ್ಣ.”

ಶೇಖರ ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡ.

“ಇಲ್ಲ,” ಎಂದ. “ಎಳಿತಿರ್ಲಿಲ್ಲ. ಸುಮ್ನೆ ಹಿಡ್ಕಂಡ್ ಕೂಕಂತಿದ್ದ.”

ಯಜಮಾನ ಬಾಯಿ ಬಿಟ್ಟ ಮೇಲೆ ಉಳಿದವರಿಗೂ ಧೈರ್ಯ ಬಂತು. “ಅಲ್ಲಿ ಎಳುಕೆ ಎಂತ ಇತ್ತ್? ಬಾಲದಂಗೆ ಭಾರವೇ ಇಲ್ಲ,” ಎಂದ ಒಬ್ಬ. “ಎಷ್ಟೋ ಸಲ ಅವ್ನ್ ಅಡಿಗ್ ಸಿಕ್ಕಿದ್ ಹಗ್ಗ ನಾವೇ ಬಿಡಸ್ಕಂಬ್ದ್,” ಎಂದ ಇನ್ನೊಬ್ಬ. “ಕೂಗುದೊಂದೇ ಅವ್ನ್ ಕೆಲ್ಸ, ಪಾಪ,” ಎಂದು ಪ್ರೇಮಾನಂದನೂ ಸೇರಿಸಿದ. ವರ್ಷಗಟ್ಟಲೆ ಕಟ್ಟಿಟ್ಟದ್ದನ್ನು ಒಬ್ಬೊಬ್ಬರಾಗಿ ಹೆಣದ ಮೇಲೆಯೇ ಸುರಿಯತೊಡಗಿದರು.

ಇದೇ ಮಾತು ಬೇಕೆಂದು ಸೀತು ಅಷ್ಟು ಕಚೇರಿಗಳ ಮೆಟ್ಟಿಲು ಸವೆಸಿದ್ದಳು. ಈಗ ಅವಳು ಚಟ್ಟದ ಪಕ್ಕ ಮಂಡಿಯೂರಿ ಕೂತು, ಎರಡೂ ಅಂಗೈಗಳಿಂದ ಅಣ್ಣನ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ಹಿಡಿದುಕೊಂಡಳು.