ಎಂಟುನೂರು ಡಾಲರ್ ಒಳಗಿನ ಬಂದೂಕು

"ನನ್ನ ಯೋಗ ಮ್ಯಾಟಿಗೆ ಕತ್ತರಿ ಹಾಕೋಕೆ ನಿಮಗೆ ಕೈಯಾದ್ರೂ ಹೇಗೆ ಬಂತ್ರೀ?"

"ಅಂಗೈ ಅಗಲ ತಗೊಂಡಿದ್ದಕ್ಕೆ ಊರು ಮುಳುಗೋಯ್ತಾ? ಬಂದೂಕಿಗೆ ಕೆನ್ನೆ ಇಟ್ಕೊಳ್ಳೋ ಕಡೆ ಮೆತ್ತೆ ಬೇಕಿತ್ತು. ತಗೊಂಡೆ!"

"ಅಂಗಡೀಲಿ ಸಿಗಲ್ವಾ ಅದು?"

"ಅರವತ್ತು ಡಾಲರ್ ಕಣೇ! ಅಂಟು ಹಚ್ಚಿರೋ ಒಂದು ಸ್ಪಂಜಿಗೆ ಅರವತ್ತು! ನನ್ನ ಲೆಕ್ಕದಲ್ಲಿ ಉಳಿದಿರೋದೇ ಹನ್ನೊಂದು."

"ಹಾಗಿದ್ರೆ ನಿಮ್ಮ ಬನಿಯನ್ನು ಕತ್ತರಿಸ್ಕೋಬೇಕಿತ್ತು. ಹದಿನೈದು ವರ್ಷದಿಂದ ಹಾಕಿ ಹಾಕಿ ಅದೂ ಮೆತ್ತಗೇ ಆಗಿದೆ."

ದೇವರಾಜ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ. ಅದು ಜಾರಿಕೊಂಡು ಹೋಗಿ ಆಚೆ ಬದಿಗೆ ಬಿತ್ತು. ಸಿಟ್ಟಿನಲ್ಲಿದ್ದವನೇ ಮೇಜನ್ನು ಸುತ್ತಿ ಹೋಗಿ, ಬಗ್ಗಿ, ಎತ್ತಿ ತಂದು ಸ್ವಸ್ಥಾನದಲ್ಲಿಟ್ಟ. ಮೂವತ್ತು ವರ್ಷ ಯಂತ್ರಗಳ ನಡುವೆ ಬದುಕಿದವನಿಗೆ ಬಿದ್ದ ಸಾಮಾನನ್ನು ಹಾಗೇ ಬಿಡಲು ಆಗುತ್ತಿರಲಿಲ್ಲ.

ಅವರ ಮನೆ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ. ಎರಡು ವಾರ ಉತ್ತರದ ಗಣಿಯಲ್ಲಿ ದೈತ್ಯ ಲಾರಿಗಳ ರಿಪೇರಿ, ಒಂದು ವಾರ ಮನೆ, ಇದು ದೇವರಾಜನ ಬದುಕು. ಹೆಂಡತಿ ಜಯಮಾಲಾ ಹತ್ತಿರದ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿದ್ದಳು. ಹಿಂದಿನ ವರ್ಷ ಆ ಕ್ಲಿನಿಕ್ಕಿನ ಡಾಕ್ಟರು ದೇವರಾಜನ ರಕ್ತದೊತ್ತಡ ನೋಡಿ, ಎರಡನೇ ಸಲ ನೋಡಿ, ಮನಸ್ಸನ್ನು ಶಾಂತವಾಗಿಡುವ ಹವ್ಯಾಸವೊಂದನ್ನು ಹಿಡಿಯಿರಿ ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಹೂವಿನ ಗಿಡ. ದೇವರಾಜ ಬಂದೂಕಿನ ಕ್ಲಬ್ಬು ಸೇರಿದ.

ಮಡದಿ ಜೊತೆಗೆ ಹೋಗುತ್ತಿದ್ದದ್ದು ಕಾರು ಓಡಿಸುವುದಕ್ಕೆ. ಗಂಡ ಓಡಿಸಿದರೆ ಶಾಂತಿಯೆಲ್ಲ ದಾರಿಯಲ್ಲೇ ಖರ್ಚಾಗಿಬಿಡುತ್ತಿತ್ತು. ಮೂರನೇ ಭಾನುವಾರ, ಶೂಟಿಂಗ್ ಸಾಲಿನ ಉಸ್ತುವಾರಿ ನೋಡುವ ಮುದುಕ ಟ್ರೆವರ್, ಸುಮ್ಮನೆ ಕೂತಿದ್ದೀಯಲ್ಲ ಎಂದು ಅವಳ ಕೈಗೆ ಕ್ಲಬ್ಬಿನದೇ ಒಂದು ಹಳೆ ಬಂದೂಕು ಕೊಟ್ಟ. ಐವತ್ತು ಮೀಟರಿನಿಂದ ಅವಳು ಹೊಡೆದ ಐದು ಗುಂಡುಗಳ ತೂತುಗಳನ್ನು ಒಂದೇ ನಾಣ್ಯದಿಂದ ಮುಚ್ಚಬಹುದಾಗಿತ್ತು. ಆ ಹೊತ್ತಿಗೆ ಗಾಳಿ ನಿಂತಿತ್ತು ಎಂದು ದೇವರಾಜ ವಿವರಿಸಿದ. ಮುಂದಿನ ಭಾನುವಾರಗಳಲ್ಲೂ ಅವಳು ಹೊಡೆಯುವಾಗ ಮಾತ್ರ ಗಾಳಿ ನಿಲ್ಲುತ್ತಿತ್ತು. ಆಮೇಲೆ ಅವಳೂ ಸದಸ್ಯೆಯಾದಳು.

ಇಷ್ಟರಲ್ಲಿ ಅಡಿಲೇಡಿನ ಪಂದ್ಯದ ಸುದ್ದಿ ಬಂತು. ನವೆಂಬರಿನಲ್ಲಿ, ಬೇರೆ ಬೇರೆ ರಾಜ್ಯಗಳ ಕ್ಲಬ್ಬುಗಳ ನಡುವೆ, ಪಾಯಿಂಟ್ ಟೂಟೂ ಎಂಬ ಸಣ್ಣ ಗುಂಡಿನ ಬಂದೂಕುಗಳಿಗೆ. ಅದರಲ್ಲೊಂದು ಬಡವರ ವರ್ಗ: ಬಂದೂಕು, ದುರ್ಬೀನು, ಅದಕ್ಕೆ ಬಡಿದ ಮೊಳೆ ಎಲ್ಲ ಸೇರಿ ಎಂಟುನೂರು ಡಾಲರ್ ದಾಟಬಾರದು. ಈ ವರ್ಗಕ್ಕೆ ಕ್ಲಬ್ಬಿನಿಂದ ಒಬ್ಬರೇ. ಅಡಿಲೇಡಿನ ಕ್ಲಬ್ಬಿನಿಂದ ಬರುವವನು ಡಾಕ್ಟರ್ ರಘುನಾಥ. ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಜಯಮಾಲಾಳ ಅಕ್ಕ ಅಹಲ್ಯಾಳ ಗಂಡ, ಅಂದರೆ ದೇವರಾಜನ ಷಡ್ಡಕ.

ಹನ್ನೊಂದು ವರ್ಷದ ಕೆಳಗೆ ಈ ಷಡ್ಡಕ ತನ್ನ ಮನೆಯ ಗೃಹಪ್ರವೇಶದಲ್ಲಿ, ಕೈಯಲ್ಲಿ ಹೋಳಿಗೆ ಹಿಡಿದುಕೊಂಡು, ನಲವತ್ತು ಜನರೆದುರು ಇವನ ಪರಿಚಯ ಮಾಡಿಕೊಟ್ಟಿದ್ದ: "ಇವರು ನಮ್ಮ ದೇವರಾಜ್, ನಟ್ಟು ಬೋಲ್ಟು ಡಿಪಾರ್ಟ್‌ಮೆಂಟು!" ಎಲ್ಲರೂ ನಕ್ಕರು. ದೇವರಾಜನೂ ನಕ್ಕ. ಆ ನಗು ಇನ್ನೂ ಅವನ ಹೊಟ್ಟೆಯಲ್ಲಿ ಅರಗದೆ ಕೂತಿತ್ತು. ನಟ್ಟು ಬೋಲ್ಟಿನವನು ತನ್ನ ಕೈಯಾರೆ ತಿದ್ದಿದ ಅಗ್ಗದ ಬಂದೂಕಿನಿಂದ ಡಾಕ್ಟರನನ್ನು ಅವನ ಊರಲ್ಲೇ ಸೋಲಿಸಬೇಕು. ಬದುಕಿನಲ್ಲಿ ಅವನಿಗೆ ಬೇರೆ ಆಸೆಗಳೂ ಇದ್ದವು. ಈಗ ಒಂದೂ ನೆನಪಾಗುತ್ತಿರಲಿಲ್ಲ.

ಬಂದೂಕಿನ ಆಯ್ಕೆಗೆ ಸಲಹೆ ಬಂದದ್ದು ಬ್ರಿಸ್ಬೇನಿನಿಂದ. ಪಾಲಿಟೆಕ್ನಿಕ್ಕಿನ ಸಹಪಾಠಿ ಚಂದ್ರಮೌಳಿ ಫೋರ್ಟಿಟ್ಯೂಡ್ ವ್ಯಾಲಿಯ ಹನ್ನೊಂದನೇ ಮಹಡಿಯಲ್ಲಿದ್ದ. ಅವನ ಹತ್ತಿರ ಬಂದೂಕಿರಲಿಲ್ಲ. ವೀಡಿಯೊಗಳಿದ್ದವು.

"ಹೊಸದು ಬೇಡ ಕಣೋ ದೇವು. ಹೊಸಾದ್ರಲ್ಲಿ ಆ ದುಡ್ಡಿಗೆ ಪ್ಲಾಸ್ಟಿಕ್ ಹಿಡಿ ಕೊಡ್ತಾರೆ, ಹಲ್ಲುಜ್ಜೋ ಬ್ರಷ್ ಥರ ಇರತ್ತೆ. ಸೆಕೆಂಡ್ ಹ್ಯಾಂಡ್ ನೋಡು. ಮರ ಸೀಳಿದ್ರೂ ಪರವಾಗಿಲ್ಲ, ಬಣ್ಣ ಹೋಗಿದ್ರೂ ಪರವಾಗಿಲ್ಲ. ನಳಿಗೆ ಒಳಗೆ ಮಾತ್ರ ಕನ್ನಡಿ ಥರ ಇರ್ಬೇಕು. ಮಿಕ್ಕಿದ್ದೆಲ್ಲ ತಿದ್ಬೋದು, ನಳಿಗೆ ತಿದ್ದಕ್ಕಾಗಲ್ಲ."

ಮಾತು ಸರಿಯಾಗಿತ್ತು. ದೇವರಾಜ ನಾಲ್ಕು ಅಂಗಡಿ ಅಲೆದು, ಟಾರ್ಚು ಹಿಡಿದು ಹದಿನೇಳು ನಳಿಗೆಗಳ ಒಳಗೆ ಇಣುಕಿ, ಮುನ್ನೂರ ಹತ್ತು ಡಾಲರಿಗೆ ಒಂದನ್ನು ಆರಿಸಿದ. ಹಿಡಿಯ ಮರವನ್ನು ಹಿಂದಿನ ಮಾಲೀಕನ ನಾಯಿ ಕಡಿದಿತ್ತು. ಲೈಸೆನ್ಸಿನ ಕಾಗದ ಬರಲು ಹಿಡಿದ ವಾರಗಳಲ್ಲಿ ಅವನು ಅಂಗಡಿಗೆ ಆರು ಸಲ ಹೋಗಿ ಅದನ್ನು ಮುಟ್ಟಿ ಬಂದ.

ಆಮೇಲೆ ಶುರುವಾಯಿತು ರಿಪೇರಿ. ಬಂದೂಕು ಮರದಲ್ಲಿ ಅಲುಗಾಡದಂತೆ ಅಡಿಯಲ್ಲಿ ಎಪಾಕ್ಸಿ ಅಂಟು ಸುರಿದು ಕೂರಿಸಿದ. ಟ್ರಿಗರಿನ ಗಟ್ಟಿ ಸ್ಪ್ರಿಂಗ್ ತೆಗೆಸಿ ಹಗುರದ್ದು ಹಾಕಿಸಿದ. ದುರ್ಬೀನಿಗೆ ಮುನ್ನೂರ ನಲವತ್ತು ಕೊಟ್ಟ. ಪ್ರತಿ ಬದಲಾವಣೆಗೂ ಬ್ರಿಸ್ಬೇನಿಗೆ ಫೋನು ಹೋಗುತ್ತಿತ್ತು. ಗುಂಡುಗಳು ಮಾತ್ರ ಮೊದಲು ಹೇಗೆ ಚೆಲ್ಲಾಡುತ್ತಿದ್ದವೋ ಹಾಗೇ ಚೆಲ್ಲಾಡುತ್ತಿದ್ದವು.

"ಗುಂಡು ಬದಲಾಯ್ಸಿ ನೋಡ್ರೀ. ಟ್ರೆವರ್ ಹೇಳ್ತಿದ್ರು, ಒಂದೊಂದು ಬಂದೂಕಿಗೆ ಒಂದೊಂದು ಕಂಪನಿ ಗುಂಡು ಹಿಡಿಸತ್ತಂತೆ. ಐದಾರು ಥರದ್ದು ಒಂದೊಂದು ಡಬ್ಬಿ ತಂದು ನೋಡಿದ್ರೆ ಗೊತ್ತಾಗತ್ತೆ," ಎಂದಳು ಜಯಮಾಲಾ.

"ಗುಂಡಿಗೇನು ನಾಲಿಗೆ ಇದೆಯಾ, ರುಚಿ ನೋಡೋಕೆ?"

ಅವಳು ತನ್ನ ಸಂಬಳದಲ್ಲೇ ಆರು ಡಬ್ಬಿ ತಂದಿಟ್ಟಳು. ನಾಲ್ಕನೆಯದು ಹಿಡಿಸಿತು. ಅವತ್ತಿನಿಂದ ದೇವರಾಜನ ಬಂದೂಕು ಜಯಮಾಲಾಳ ಕ್ಲಬ್ಬಿನ ಬಂದೂಕಿನಷ್ಟೇ ಚೆನ್ನಾಗಿ ಹೊಡೆಯತೊಡಗಿತು. ಎಪಾಕ್ಸಿ ಒಣಗಿ ಹದಕ್ಕೆ ಬರಲು ಇಷ್ಟು ಸಮಯ ಹಿಡಿಯಿತು ಎಂದು ಅವನು ಬ್ರಿಸ್ಬೇನಿಗೆ ತಿಳಿಸಿದ.

ಅಡಿಲೇಡಿಗೆ ಹೋಗುವವರ ಆಯ್ಕೆ ಅಕ್ಟೋಬರಿನ ಒಂದು ಭಾನುವಾರ. ಉಳಿದವರೆಲ್ಲ ಹಿಂದೆ ಬಿದ್ದು, ಗಂಡ ಹೆಂಡತಿ ಇಬ್ಬರೇ ಉಳಿದಿದ್ದರು. ಹಿಂದಿನ ದಿನ ಅವರ ಮನೆಯಲ್ಲಿ ಆಯುಧಪೂಜೆ. ಕೆಲಸದ ಪಾಳಿಯಿಂದಾಗಿ ದೇವರಾಜನಿಗೆ ಹಬ್ಬದ ದಿನ ಸಿಕ್ಕಿರಲಿಲ್ಲ. ದೇವರಿಗೆ ಪಾಳಿಯ ಕಷ್ಟ ಅರ್ಥವಾಗುತ್ತದೆ ಎಂಬುದು ಅವನ ನಂಬಿಕೆ.

ಕಾರಿನ ಚಕ್ರಕ್ಕೆ ನಿಂಬೆಹಣ್ಣಿಟ್ಟಾಯಿತು. ಸ್ಪ್ಯಾನರುಗಳಿಗೆ, ಡ್ರಿಲ್ಲಿಗೆ, ಮಿಕ್ಸಿಗೆ, ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮವಾಯಿತು. ಕೊನೆಗೆ ಉಕ್ಕಿನ ಬೀರುವಿನ ಬೀಗ ತೆಗೆದು ಬಂದೂಕು ತಂದು, ನಿಯಮದಂತೆ ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟು, ಕಂಬಳಿಯ ಮೇಲೆ ಮಲಗಿಸಿದ. ಬೋಲ್ಟ್ ಇದ್ದ ಜಾಗ ಬಾಯಿ ತೆರೆದುಕೊಂಡಿತ್ತು.

"ಕುಂಕುಮ ಸಾಕು ಕಣ್ರೀ. ಅಕ್ಷತೆ ಬೇಡ, ಒಳಗೆ ಬಿದ್ದೀತು," ಎಂದಳು ಜಯಮಾಲಾ.

"ಪೂಜೇನ ಅರ್ಧಕ್ಕೆ ಬಿಡಕ್ಕಾಗತ್ತಾ?"

"ಬಿದ್ರೆ ತೆಗೆಯೋರ್ಯಾರು? ಟ್ರಿಗರ್ ಬಿಚ್ಚೋಕೆ ನಿಮಗೂ ಬರಲ್ಲ, ದೇವರಿಗೂ ಬರಲ್ಲ."

"ನಿಂಗೆ ಇವತ್ತಾದ್ರೂ ಬಾಯಿ ಮುಚ್ಚೋಕೆ ಆಗಲ್ವಾ? ಹೋಗು, ಆ ಮಿಕ್ಸಿಗೆ ಇನ್ನೊಂದಿಷ್ಟು ಹಾಕು, ಅದು ಕೇಳ್ಕೊಂಡು ಬಿದ್ದಿರತ್ತೆ."

ಮದುಮಕ್ಕಳ ಮೇಲೆ ಹಾಕುವಂತೆ ಒಂದು ಹಿಡಿ ಹಳದಿ ಅಕ್ಕಿಯನ್ನು ಬಂದೂಕಿನ ಮೇಲೆ ಎರಚಿದ. ಮಂಗಳಾರತಿ ಎತ್ತಿದ. ಆಮೇಲೆ ಬಟ್ಟೆಯಿಂದ ಒರೆಸಿ, ತಲೆಕೆಳಗಾಗಿಸಿ ಮೂರು ಸಲ ಕೊಡವಿದ. ಹನ್ನೆರಡು ಕಾಳು ಉದುರಿದವು. ಅಷ್ಟೇ ಇರಬೇಕು ಎಂದುಕೊಂಡ.

ಭಾನುವಾರ ಬೆಳಿಗ್ಗೆ ಇಬ್ಬರೂ ಅಕ್ಕಪಕ್ಕದ ಚಾಪೆಗಳಲ್ಲಿ ಬೋರಲು ಮಲಗಿದರು. ಒಬ್ಬೊಬ್ಬರಿಗೆ ಹತ್ತು ಗುಂಡು. ಆರು ಮುಗಿದಾಗ ಜಯಮಾಲಾ ಎರಡು ಅಂಕ ಮುಂದಿದ್ದಳು. ದೇವರಾಜ ಏಳನೆಯ ಗುಂಡು ತುಂಬಿ ಬೋಲ್ಟನ್ನು ಮುಂದಕ್ಕೆ ತಳ್ಳಿ ಮುಚ್ಚಿದ. ಟ್ರಿಗರಿಗೆ ಬೆರಳು ತಾಗುವ ಮೊದಲೇ ಬಂದೂಕು ತಾನಾಗಿ ಹಾರಿತು. ಗುಂಡು ಹೋಗಿ ಗುರಿಯ ಹಲಗೆಯ ಮರದ ಕಾಲಿಗೆ ಬಡಿಯಿತು.

ಟ್ರೆವರ್ ಎಲ್ಲರನ್ನೂ ನಿಲ್ಲಿಸಿದ. ಗುಂಡುಗಳನ್ನು ತೆಗೆಸಿದ. ದೇವರಾಜನ ಬಂದೂಕನ್ನು ಮೇಜಿಗೆ ಒಯ್ದು, ಮರದಿಂದ ಬೇರ್ಪಡಿಸಿ, ಟ್ರಿಗರಿನ ಸಂದಿಯಿಂದ ಚಿಮುಟದಲ್ಲಿ ಒಂದು ಹಳದಿ ಅಕ್ಕಿ ಕಾಳನ್ನು ಹೊರಗೆಳೆದು ಬಿಸಿಲಿಗೆ ಹಿಡಿದ. ನಲವತ್ತು ವರ್ಷದಲ್ಲಿ ಮಣ್ಣು ನೋಡಿದ್ದೇನೆ, ಇರುವೆ ನೋಡಿದ್ದೇನೆ, ಇದನ್ನು ನೋಡಿರಲಿಲ್ಲ ಎಂದ. ಆಮೇಲೆ ರಿಜಿಸ್ಟರು ತೆರೆದ. ಬಂದೂಕಿನೊಳಗೆ ಏನನ್ನಾದರೂ ಹಾಕಿ ಅಪಾಯ ತಂದವರು ಆರು ತಿಂಗಳು ಸಾಲಿಗೆ ಬರುವಂತಿಲ್ಲ, ಇದು ಕ್ಲಬ್ಬಿನ ನಿಯಮ. ಇದನ್ನು ಹಾಕಿದವರು ಯಾರು ಎಂದು ಕೇಳಿದ.

ದೇವರಾಜನಿಗೆ ಕಾಳು ಕಾಣುತ್ತಿತ್ತು. ಅದರಾಚೆಗೆ ಹೋಳಿಗೆ ಹಿಡಿದ ರಘುನಾಥ ಕಾಣುತ್ತಿದ್ದ.

"ಮೈ ವೈಫ್," ಎಂದ. "ಅದು ನಮ್ಮ ಹೆಂಗಸರು ಮಾಡೋ ಪೂಜೆ."

ಟ್ರೆವರ್ ಪೆನ್ನು ಎತ್ತಿಕೊಂಡು ಜಯಮಾಲಾಳ ಕಡೆ ತಿರುಗಿದ. "ಈಸ್ ದಟ್ ರೈಟ್, ಜಯಾ?"

ಅವಳು ಗಂಡನನ್ನು ನೋಡಿದಳು. ಅವನಿಗೆ ಮಾತು ಹಿಂತೆಗೆದುಕೊಳ್ಳಲು ಬೇಕಾದಷ್ಟು ಹೊತ್ತು ನೋಡಿದಳು. ದೇವರಾಜ ದುರ್ಬೀನಿನ ಒಂದು ತಿರುಪನ್ನು ಬಿಗಿ ಮಾಡಿದ. ಅದು ಬಿಗಿಯಾಗಿಯೇ ಇತ್ತು.

"ಇಪ್ಪತ್ತನಾಲ್ಕು ವರ್ಷ," ಎಂದಳು ಅವಳು ಕನ್ನಡದಲ್ಲಿ. "ನೀವು ಕೂಗಾಡಿದ್ದು ಕೇಳಿದೀನಿ, ಸಾಮಾನು ಎಸೆದಿದ್ದು ನೋಡಿದೀನಿ. ಸುಳ್ಳು ಹೇಳೋ ಮನುಷ್ಯ ಅಲ್ಲ ಅಂತ ಅದನ್ನೆಲ್ಲ ಸಹಿಸ್ಕೊಂಡಿದ್ದೆ ಕಣ್ರೀ."

"ಮನೇಲಿ ಮಾತಾಡೋಣ, ಸುಮ್ನಿರು. ಜನ ನೋಡ್ತಿದಾರೆ."

ಜಯಮಾಲಾ ತನ್ನ ಚಾಪೆಗೆ ಹಿಂದಿರುಗಿದಳು. ಕ್ಲಬ್ಬಿನ ಬಂದೂಕಿನ ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ಖಾಲಿಯಿರುವುದನ್ನು ಟ್ರೆವರನಿಗೆ ತೋರಿಸಿದಳು. ನಳಿಗೆಗೆ, ಖಾಲಿಯೆಂಬ ಗುರುತಿನ ಹಳದಿ ಬಾವುಟ ಸಿಕ್ಕಿಸಿದಳು. ಉಳಿದ ನಾಲ್ಕು ಗುಂಡುಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಸದ್ದು ತಡೆಯಲು ಕಿವಿಗೆ ಹಾಕಿದ್ದನ್ನು ಗೂಟಕ್ಕೆ ತೂಗುಹಾಕಿದಳು. ಸಾಲು ಬಿಟ್ಟು ಹೋಗಬಹುದೇ ಎಂದು ಟ್ರೆವರನ ಅಪ್ಪಣೆ ಕೇಳಿದಳು. ಅವನು ತಲೆಯಾಡಿಸಿದ. ಅವಳು ಕೈಚೀಲ ತೆಗೆದುಕೊಂಡು, ತಗಡಿನ ಮಾಡಿನ ಕೆಳಗಿಂದ ಬಿಸಿಲಿಗೆ ನಡೆದಳು.

"ವಾಪಸ್ ಬರ್ತಾಳಾ?" ಎಂದು ಟ್ರೆವರ್ ಇಂಗ್ಲಿಷಿನಲ್ಲಿ ಕೇಳಿದ.

"ಬರ್ತಾಳೆ. ನೀರು ಕುಡಿಯೋಕೆ ಹೋಗಿರ್ತಾಳೆ," ಎಂದ ದೇವರಾಜ.

ಕಾರು ಹೊರಟ ಸದ್ದು ಕೇಳಿಸಿತು. ಟ್ರೆವರ್ ಇನ್ನೂ ಏನೂ ಬರೆದಿರಲಿಲ್ಲ. ಅವಳ ಬಾಯಿಂದ ಕೇಳಿಯೇ ಬರೆಯುತ್ತೇನೆ ಎಂದು ರಿಜಿಸ್ಟರು ಮುಚ್ಚಿದ. ಹೇಗೂ ಹೆಂಡತಿ ಪಂದ್ಯ ಬಿಟ್ಟು ಹೋದಳು, ನಿನ್ನ ಬಂದೂಕು ಈಗ ಶುದ್ಧವಾಗಿದೆ, ತಾನಾಗಿ ಹಾರಿದ್ದು ಲೆಕ್ಕಕ್ಕಿಲ್ಲ, ಉಳಿದ ನಾಲ್ಕು ಗುಂಡು ಹೊಡೆದು ಮುಗಿಸಿದರೆ ಅಡಿಲೇಡಿಗೆ ನೀನೇ ಎಂದ.

ದೇವರಾಜ ಬೋರಲು ಮಲಗಿ, ಉಸಿರು ಹಿಡಿದು ನಾಲ್ಕನ್ನೂ ಹೊಡೆದ. ನಾಲ್ಕೂ ನಟ್ಟನಡುವಿಗೆ ಬಿದ್ದವು. ಅಷ್ಟು ಚೆನ್ನಾಗಿ ಅವನು ಎಂದೂ ಹೊಡೆದಿರಲಿಲ್ಲ. ಗಾಳಿಯೇನೋ ಜೋರಾಗಿಯೇ ಇತ್ತು. "ನೋಡಿದ್ಯಾ?" ಎಂದು ಪಕ್ಕದ ಚಾಪೆಯ ಕಡೆ ತಿರುಗಿದ.

ಮಧ್ಯಾಹ್ನ ಉಳಿದವರು ಒಬ್ಬೊಬ್ಬರಾಗಿ ಬಂದು ಅವನ ಕೈ ಕುಲುಕಿ ಹೊರಟರು. ಕರೆದೊಯ್ಯುತ್ತೇವೆ ಬಾ ಎಂದವರಿಗೆ, ಬೇಡ, ಹೆಂಡತಿ ಬರುತ್ತಾಳೆ ಎಂದ. ಫೋನು ಮಾಡಿದ. ರಿಂಗಾಗುವಷ್ಟು ಆಗಿ ನಿಂತಿತು. ಬಂದೂಕಿನ ಪೆಟ್ಟಿಗೆಯನ್ನು ಕಾಲ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತ. ಐದು ಗಂಟೆಗೆ ಟ್ರೆವರ್ ಗೇಟಿನ ಬೀಗ ಹಿಡಿದು ಬಂದು, ಅವನ ಪಕ್ಕದಲ್ಲಿ ನಿಂತು ರಸ್ತೆಯನ್ನು ನೋಡಿದ. ರಸ್ತೆ ಬಹಳ ದೂರದವರೆಗೆ ಕಾಣುತ್ತಿತ್ತು. ಜಯಮಾಲಾ ಬರಲಿಲ್ಲ.