ಆರನೆಯ ತೊಲೆ

ಅವಳಿಗೆ ಸಹಿ ಹಾಕುವ ಅಧಿಕಾರ ಇರಲಿಲ್ಲ. ಲೆಕ್ಕ ಅವಳದು, ನಕ್ಷೆ ಅವಳದು, ಕೆಳಗಿನ ಮೂಲೆಯ ಸಹಿ ಮಾತ್ರ ಸಾಹೇಬರದು. ಮೂರು ವರ್ಷ ತುಂಬಿದರೆ ಸಾಹೇಬರು ಅನುಭವದ ಪತ್ರ ಕೊಡುತ್ತಾರೆ, ಪತ್ರವಿದ್ದರೆ ತಾನೇ ಸಹಿ ಹಾಕಬಲ್ಲ ಎಂಜಿನಿಯರ್ ಲೈಸೆನ್ಸಿನ ಪರೀಕ್ಷೆಗೆ ಕೂರಬಹುದು. ಎರಡು ವರ್ಷ ಹನ್ನೊಂದು ತಿಂಗಳು ಆಗಿತ್ತು. ಕಬ್ಬಿಣದ ಕೆಲಸದ ಆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಲೆಕ್ಕದಮ್ಮ ಎನ್ನುತ್ತಿದ್ದರು.

ಆ ದಿನ ಬೆಳಿಗ್ಗೆ ಅಕ್ಕ ತನ್ನ ಮಗಳ ಈಜುಡುಪನ್ನು ಚೀಲಕ್ಕೆ ತುರುಕುತ್ತಿದ್ದಳು.

"ಸ್ಪರ್ಧೆ ನಾಲ್ಕಕ್ಕೆ ಅಂದ್ರೆ ನಾನು ಮೂರಕ್ಕೇ ಹೋಗ್ತೀನಿ ಕಣೇ. ನೀನು ಲೆಕ್ಕ ಹಾಕಿರೋ ಗ್ಯಾಲರಿಲಿ ಮುಂದಿನ ಕಂಬಿನೇ ಹಿಡ್ಕೋಬೇಕು. ಹಿಂದೆ ನಿಂತ್ರೆ ಇನ್ನೊಬ್ಬರ ಜಡೆ ನೋಡ್ಕೊಂಡು ಬರಬೇಕು ಅಷ್ಟೆ."

"ಎಲ್ಲರೂ ಕಂಬಿ ಹತ್ರಾನೇ ನಿಲ್ತಾರಾ?"

"ಮತ್ತೆ? ಮಕ್ಕಳು ನೀರಲ್ಲಿದ್ರೆ ಅಮ್ಮಂದಿರು ಗೋಡೆಗೆ ಒರಗಿಕೊಂಡು ಕೂರ್ತಾರಾ? ಏನು ಓದಿದ್ಯೋ ಏನೋ ಮಹರಾಯ್ತಿ!"

ಹಲ್ಲುಜ್ಜುತ್ತಿದ್ದ ಅವಳ ಕೈ ನಿಂತಿತು.

ಶಾಲೆಯ ಈಜುಕೊಳದ ಆ ಗ್ಯಾಲರಿ ಆರು ಉಕ್ಕಿನ ತೊಲೆಗಳ ಮೇಲಿತ್ತು. ಒಂದೊಂದೂ ಐದು ಮೀಟರ್. ಹಿಂದಿನ ತುದಿ ಗೋಡೆಯ ಮೇಲೆ, ಅಲ್ಲಿಂದ ಮೂರು ಮೀಟರಿಗೆ ಒಂದು ಕಂಬ, ಉಳಿದ ಎರಡು ಮೀಟರ್ ನೀರಿನ ಮೇಲೆ ಚಾಚಿಕೊಂಡಿತ್ತು. ಅವಳು ಲೆಕ್ಕದಲ್ಲಿ ಜನರನ್ನು ಹಿಟ್ಟು ಹರಡಿದ ಹಾಗೆ ಇಡೀ ಗ್ಯಾಲರಿಗೆ ಸಮವಾಗಿ ಹರಡಿದ್ದಳು. ಹಾಗಿದ್ದರೆ ಹಿಂದಿನ ತುದಿ ಗೋಡೆಯನ್ನು ಕೆಳಗೆ ಒತ್ತುತ್ತದೆ, ಗೋಡೆ ಅಷ್ಟೇ ಬಲದಿಂದ ಅದನ್ನು ಹೊರುತ್ತದೆ. ಕೆಳಗೆ ಒತ್ತುವ ತುದಿಗೆ ಬೋಲ್ಟ್ ಯಾಕೆಂದು ನಕ್ಷೆಯಲ್ಲಿ ಬೋಲ್ಟ್ ತೋರಿಸಿರಲಿಲ್ಲ. ರಬ್ಬರ್ ತುಂಡಿನ ಮೇಲೆ ಬರೀ ಕೂರಿಸಲು ಹೇಳಿದ್ದಳು.

ಬಾಯಲ್ಲಿ ನೊರೆ ಇಟ್ಟುಕೊಂಡೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮತ್ತೆ ಲೆಕ್ಕ ಹಾಕಿದಳು. ಈ ಸಲ ಜನ ನೀರಿನ ಮೇಲಿನ ಎರಡು ಮೀಟರಿನಲ್ಲಿ ಮಾತ್ರ. ಉತ್ತರದ ಮುಂದೆ ಮೈನಸ್ ಬಂತು. ಅಂದರೆ ಗೋಡೆ ತೊಲೆಯನ್ನು ಹೊತ್ತರೆ ಸಾಲದು, ಏಳದಂತೆ ಕೆಳಕ್ಕೆ ಎಳೆದು ಹಿಡಿಯಬೇಕು. ಒಂದೊಂದು ತೊಲೆಗೂ ಇನ್ನೂರೈವತ್ತು ಕಿಲೋದಷ್ಟು. ಎಳೆದು ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

ಸಾಹೇಬರು ಕಾಗದವನ್ನು ಕನ್ನಡಕ ಹಾಕಿಕೊಳ್ಳದೆ ನೋಡಿದರು.

"ಇಡೀ ಗ್ಯಾಲರಿ ತುಂಬಿದ್ರೆ ತಡೆಯುತ್ತೆ ಅಂತ ನೀನೇ ಬರೆದಿದ್ದೀಯ. ತುಂಬಿದ್ದಕ್ಕೇ ತಡೆಯೋದು ಅರ್ಧಕ್ಕೆ ತಡೆಯಲ್ವೇನಮ್ಮ?"

"ತಡೆಯಲ್ಲ ಸಾರ್. ಹಿಂದೆ ಜನ ಇದ್ರೇನೇ ಹಿಂದಿನ ತುದಿ ಕೂತಿರೋದು. ಅರ್ಧ ಭಾರಾನೇ ಅಪಾಯ. ನನ್ನ ತಪ್ಪು. ಸ್ಪರ್ಧೆ ಮುಂದಕ್ಕೆ ಹಾಕೋಕೆ ಹೇಳಿ."

"ನನ್ನ ಸಹಿ ಇರೋ ಕೆಲಸ ಬೀಳುತ್ತೆ ಅಂತ ನಾನೇ ಹೋಗಿ ಹೇಳ್ಲಾ? ಬೋಲ್ಟ್ ನಾಳೆ ಹಾಕಿಸೋಣ. ಇನ್ನೊಂದು ತಿಂಗಳು ಬಾಯಿ ಮುಚ್ಕೊಂಡಿರು, ಪತ್ರ ಕೊಡ್ತೀನಿ."

ಅವಳು ತನ್ನ ಮೇಜಿಗೆ ಬಂದಳು, ಕೂತಳು, ಎದ್ದಳು. ನೀರು ಕುಡಿದಳು. ಮತ್ತೆ ಕೂತಳು. ಅಕ್ಕನಿಗೆ ಮೂರು ಸಲ ಫೋನ್ ಮಾಡಿದಳು, ಅಕ್ಕ ಎತ್ತಲಿಲ್ಲ. ಎತ್ತಿದರೂ ಅಕ್ಕನೊಬ್ಬಳನ್ನು ಹಿಂದೆ ನಿಲ್ಲಿಸಿ ಆಗುವುದೇನು? ಎರಡು ಗಂಟೆಗೆ ಅಂಗಳಕ್ಕೆ ಹೋಗಿ ವೆಲ್ಡರನ ಮುಂದೆ ನಿಂತಳು. ಶೆಡ್ಡಿನವರಿಗೆಲ್ಲ ಅವನು ಕಿಡಿಮಾಮ.

"ಕಿಡಿಮಾಮ, ಹಿಂದಿನ ತುದಿಗೆ ನೀವೇನಾದ್ರೂ ಬೆಸುಗೆ ಹಾಕಿದ್ರಾ?"

"ಬರೀ ಕೂರಿಸಿದ್ದೀವಿ ತಾಯಿ, ಅತ್ತೆ ಮನೆಗೆ ಬಂದ ಅಳಿಯನ ಹಾಗೆ."

"ಅಳಿಯ ಎದ್ದುಬಿಡ್ತಾನೆ ಇವತ್ತು."

ವಿಷಯ ಕೇಳಿ ಅವನ ಮುಖದ ನಗು ಇಳಿಯಿತು. ಗೋಡೆ ಕೊರೆದು ಬೋಲ್ಟ್ ಕೂರಿಸಿದರೆ ಅದನ್ನು ಹಿಡಿಯುವ ಅಂಟು ಗಟ್ಟಿಯಾಗಲು ಇಡೀ ದಿನ ಬೇಕು. "ಭಾರ ಹೇರೋಣ," ಎಂದಳು. ಶೆಡ್ಡಿನಲ್ಲಿದ್ದ ಸಿಮೆಂಟು ಮೂಟೆ ಐವತ್ತು ಕಿಲೋದ್ದು, ತೊಲೆಗೆ ಐದು. ಸಾಹೇಬರನ್ನು ಕೇಳದೆ ಮೂವತ್ತು ಮೂಟೆ ಟೆಂಪೊಗೆ ಏರಿತು.

ಈಜುಕೊಳದ ಕೋಚ್ ಸೀಟಿ ಕಚ್ಚಿಕೊಂಡೇ ಓಡಿಬಂದ. "ಗ್ಯಾಲರಿಲಿ ಸಿಮೆಂಟಾ? ಅತಿಥಿಗಳು ಬರೋ ಹೊತ್ತಲ್ಲಿ?"

"ಜನ ಕಂಬಿಗೆ ನಿಂತ್ರೆ ಗ್ಯಾಲರಿ ಮಗುಚುತ್ತೆ, ಕಾರ್ಯಕ್ರಮ ನಿಲ್ಲಿಸಿ. ಇಲ್ಲಾಂದ್ರೆ ಇದನ್ನ ಇಡೋಕೆ ಬಿಡಿ."

"ನಿಲ್ಲಿಸೋಕೆ ಸಹಿ ಮಾಡಿದವರು ಹೇಳ್ಲಿ. ನೀವು ಯಾರ್ರೀ?"

ಅವಳು ಮೊದಲ ಮೂಟೆಯ ಒಂದು ತುದಿ ಹಿಡಿದಳು. ಕೋಚ್ ಸಾಹೇಬರಿಗೆ ಫೋನ್ ಹಚ್ಚಿದ. ಅವನು ಗಲಾಟೆ ಮಾಡುವಷ್ಟರಲ್ಲಿ ಅವಳೂ ಕಿಡಿಮಾಮನೂ ಐದು ತೊಲೆಗಳ ತುದಿಗೆ ಐದೈದು ಮೂಟೆ ಒಟ್ಟಿದರು. ಆರನೆಯದು ಬಾಗಿಲ ಎದುರಿಗಿತ್ತು. ಜನ ಆಗಲೇ ನುಗ್ಗುತ್ತಿದ್ದರು, ಮೂಟೆ ಇಡಲು ಕಾಲಿಡುವಷ್ಟೂ ಜಾಗ ಬಿಡಲಿಲ್ಲ. ಕೊನೆಯ ಐದು ಮೂಟೆ ಹೊರಗೆ ಟೆಂಪೊದಲ್ಲೇ ಉಳಿದವು. ಬಂದವರೆಲ್ಲ ಸೀದಾ ಕಂಬಿಗೆ ಹೋದರು. ಎಲ್ಲರಿಗಿಂತ ಮೊದಲು ಅಕ್ಕ.

ಸೀಟಿ ಕೂಗಿತು. ಮಕ್ಕಳು ನೀರಿಗೆ ಹಾರಿದರು. ಕಂಬಿಯ ಮೇಲೆ ಬೆನ್ನುಗಳು ಬಾಗಿದವು. ಅವಳು ಮಂಡಿಯೂರಿ ಆರನೆಯ ತೊಲೆಯ ತುದಿ ನೋಡಿದಳು. ತೊಲೆಗೂ ರಬ್ಬರಿಗೂ ನಡುವೆ ಬೆಳಕಿನ ಗೆರೆಯೊಂದು ಮೂಡಿತ್ತು. ಚೀಲದಲ್ಲಿದ್ದ ಸ್ಕೇಲು ತೆಗೆದು ತೂರಿಸಿದಳು, ಅದರ ತುದಿ ಒಳಗೆ ಹೋಯಿತು.

"ಮಾಮ, ಇಲ್ಲಿ ನಿಂತ್ಕೊಳ್ಳಿ!" ಅವನು ಎಂಬತ್ತು ಕಿಲೋ, ಅವಳು ಐವತ್ತೆರಡು. ಬಾಗಿಲೆದುರಿನ ಕಂಬಿಗೆ ಲೆಕ್ಕಕ್ಕಿಂತ ಹೆಚ್ಚು ಜನ ಒತ್ತಿದ್ದರು. ಸಾಲದು. ತಡವಾಗಿ ಬಂದ ಮೂವರು ದಪ್ಪ ಗಂಡಸರು ಬಾಗಿಲು ದಾಟುತ್ತಿದ್ದರು. ಅವಳು ಎರಡೂ ಕೈ ಚಾಚಿ ಅಡ್ಡ ನಿಂತಳು.

"ಟಿಕೆಟ್ ತೋರಿಸಿ."

"ಮಕ್ಕಳು ಈಜೋದಕ್ಕೆ ಟಿಕೆಟ್ಟಾ? ನಿಂದ್ಯಾವ ಸೀಮೆ ನ್ಯಾಯಾನಮ್ಮಾ?"

"ಟಿಕೆಟ್ ಇಲ್ಲದೆ ಮುಂದಕ್ಕೆ ಬಿಡಲ್ಲ. ಇಲ್ಲೇ ನಿಲ್ಲಿ."

ಅವರು ಅಲ್ಲೇ ನಿಂತು ಜಗಳವಾಡಿದರು. ಇನ್ನೂರ ನಲವತ್ತು ಕಿಲೋ ಇದ್ದಾರು. ಗೆರೆ ಸಣ್ಣದಾಯಿತು. ಕೋಚ್ ಬೈಯಲು ಬಂದ: ಎಪ್ಪತ್ತು. ಅವನ ಹಿಂದೆಯೇ ಸಾಹೇಬರು ಬಂದರು, ಬೆವರು ಒರೆಸಿಕೊಳ್ಳುತ್ತಾ: ತೊಂಬತ್ತೈದು. ಸ್ಕೇಲು ಒಳಗೆ ಹೋಗಲಿಲ್ಲ.

"ನನ್ನ ಸಿಮೆಂಟು, ನನ್ನ ಮಾನ, ಎರಡೂ ತಂದು ಇಲ್ಲಿ ಸುರಿದಿದ್ದೀಯ! ನಾಳೆಯಿಂದ ಶೆಡ್ಡಿನ ಕಡೆ ತಲೆ ಹಾಕ್ಬೇಡ. ಪತ್ರಾನೂ ಇಲ್ಲ, ಗಿತ್ರಾನೂ ಇಲ್ಲ!"

"ಆಯ್ತು ಸಾರ್. ಇಲ್ಲೇ ನಿಂತು ಬೈರಿ. ಒಂದು ಹೆಜ್ಜೆನೂ ಮುಂದೆ ಹೋಗ್ಬೇಡಿ."

ಸಾಹೇಬರು ಅಲ್ಲೇ ನಿಂತು ಕೊನೆಯ ಸುತ್ತು ಮುಗಿಯುವ ತನಕ ಬೈದರು. ಆಮೇಲೆ ಜನ ಕಂಬಿ ಬಿಟ್ಟು ಹಿಂದಕ್ಕೆ ತಿರುಗಿದರು, ಮೂಟೆಗಳನ್ನು ತುಳಿದುಕೊಂಡು ಹೊರಗೆ ಹೋದರು. ಅಕ್ಕ ಮಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಳು. "ನಾಲ್ಕನೇ ಸ್ಥಾನ ಕಣೇ. ನೀನೇನು ಬಾಗಿಲಲ್ಲಿ ಸಿಮೆಂಟು ಬಳ್ಕೊಂಡು ಜಗಳ ಆಡ್ತಿದ್ದೆ? ಎಲ್ಲರೂ ನೋಡ್ತಿದ್ರು, ಮಾನ ಹೋಯ್ತು ನಂಗೆ."

ಅವಳು ಒಡೆದ ಮೂಟೆಗಳನ್ನು ಎಣಿಸುತ್ತಿದ್ದಳು. ಏಳು ಮೂಟೆ ಸಿಮೆಂಟು, ಮೂಟೆ ತಾಗಿ ಒಡೆದ ಗೋಡೆಯ ಎರಡು ಟೈಲ್ಸು, ಒಂದು ಕೆಲಸ, ಎರಡು ವರ್ಷ ಹನ್ನೊಂದು ತಿಂಗಳು.