ನಾಯಿ ನೋಡಿಕೊಂಡವನು

ಪಕ್ಕದಲ್ಲಿ ನಿಂತ ಪೊಲೀಸಿನವನ ಪ್ಯಾಂಟಿಗೆ ಕಂದು ಕೂದಲು ಅಂಟಿದೆ, ನಾಯಿಯದ್ದೇ, ಮನೆಯಲ್ಲಿ ಸಾಕಿದ್ದಾನೆ ಪುಣ್ಯಾತ್ಮ, ಬಾಚುವುದಿಲ್ಲ, ಬೇಸಿಗೆಯಲ್ಲಿ ದಿನಾ ಬಾಚಬೇಕು ಮಾರಾಯ ಎಂದು ಹೇಳೋಣವೆಂದರೆ ಕಟಕಟೆಯಲ್ಲಿ ನಿಂತವನ ಮಾತು ಯಾರಿಗೆ ಬೇಕು — ಎದುರಿಗೆ ನ್ಯಾಯಾಧೀಶರು ಓದುತ್ತಲೇ ಇದ್ದಾರೆ, ಫ್ಯಾನಿನ ಗಾಳಿಗೆ ಹಾಳೆ ಏಳುತ್ತದೆ, ಒತ್ತುತ್ತಾರೆ, ಏಳುತ್ತದೆ, ಐದೂ ಜನ ಕೂಡಿ ದರೋಡೆಗೆ ಹೋದ ಮೇಲೆ ಒಬ್ಬ ಮಾಡಿದ ಕೊಲೆಗೆ ಐವರೂ ಹೊಣೆಯಂತೆ, ಆ ಐವರಲ್ಲಿ ತಾನೂ ಒಬ್ಬನಂತೆ. ತಾನು ಒಳಗೆ ಕಾಲೇ ಇಟ್ಟಿಲ್ಲವಲ್ಲ, ವಕೀಲರು ಗಂಟಲು ಹರಿದುಕೊಂಡು ಹೇಳಿದರಲ್ಲ, ಈತ ಅಂಗಳದಲ್ಲೇ ಇದ್ದ ಸ್ವಾಮಿ, ಚಾಕು ಇದೆ ಅಂತಲೂ ಗೊತ್ತಿರಲಿಲ್ಲ — ಗೊತ್ತಿರಲಿಲ್ಲ, ದೇವರಾಣೆ, ಭಾಮೈದ ಹೇಳಿದ್ದು ಅಷ್ಟೇ, ಭಾವ, ನೀವು ನಾಯಿ ನೋಡ್ಕೊಂಡ್ರೆ ಸಾಕು, ಮಿಕ್ಕಿದ್ದು ನಮಗೆ ಬಿಡಿ, ನಿಮ್ಮನ್ನ ಕಂಡ್ರೆ ಅದು ಬೊಗಳಲ್ವಲ್ಲ.

ಬೊಗಳುವುದಿಲ್ಲ, ಹೌದು, ಮರಿಯಿದ್ದಾಗಿನಿಂದ ಅದಕ್ಕೆ ಸ್ನಾನ ಮಾಡಿಸಿ, ಬಾಚಿ, ಸಂಜೆ ಬೀದಿ ಸುತ್ತಿಸಿದವನು ಅವನೇ, ಅದೇ ಅವನ ಕೆಲಸ, ಆ ಮನೆಯ ಒಂಟಿ ಅಜ್ಜಿ ಗೇಟಿನ ತನಕ ಬಂದು, ಜೋಪಾನ ಕಣಪ್ಪ, ನನಗಿರೋದು ಇದೊಂದೇ, ಎಂದು ಹಗ್ಗ ಕೈಗೆ ಕೊಡುತ್ತಿದ್ದಳು — ಹೆಂಡತಿ ಹಿಂದಿನ ಬೆಂಚಿನಲ್ಲಿದ್ದಾಳೆ, ತಿರುಗಬಾರದು, ತಿರುಗಿದರೆ ಅವಳು ನೋಡುತ್ತಿರುವುದು ತಮ್ಮನನ್ನೋ ಗಂಡನನ್ನೋ ಎಂದು ಗೊತ್ತಾಗಿಬಿಡುತ್ತದೆ. ನಿಮ್ಮದೇನೂ ತಪ್ಪಿಲ್ಲರೀ, ಬಿಟ್ಟೇ ಬಿಡ್ತಾರೆ, ಎಂದಿದ್ದಳು ಜೈಲಿನ ಜಾಲರಿಯಾಚೆಯಿಂದ, ಹೂಂ ಎಂದಿದ್ದ. ಮಿಕ್ಕಿದ್ದನ್ನು ಅವಳಿಗೂ ಹೇಳಿಲ್ಲ, ವಕೀಲರಿಗೂ ಹೇಳಿಲ್ಲ — ಅವತ್ತು ಮಟಮಟ ಮಧ್ಯಾಹ್ನ, ಗೋಡೆಯಾಚೆ ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಾ ನಗುತ್ತಿದ್ದಾರೆ, ನಾಯಿ ಒಂದು ಸಲ ಬೊಗಳಿದ್ದರೆ ಓಡಿ ಬರುತ್ತಿದ್ದರು, ಅಜ್ಜಿ ಬದುಕುತ್ತಿದ್ದಳು, ಒಳಗಿನಿಂದ ಕೂಗಿದ್ದು ಕಳ್ಳ ಎಂದಲ್ಲ, ಅಯ್ಯೋ ಎಂದಲ್ಲ, ನಾಯಿಯ ಹೆಸರು ಹಿಡಿದು ಕೂಗಿದಳು, ಅವನ ತೊಡೆಯ ಮೇಲಿದ್ದ ಅದರ ತಲೆ ಸರಕ್ಕನೆ ಎದ್ದಿತು, ಕಿವಿ ನಿಮಿರಿದವು, ಅವನು ಎರಡೂ ಅಂಗೈಯಿಂದ ಮುಚ್ಚಿದ, ಏನಿಲ್ಲ ಮರಿ, ಏನಿಲ್ಲ, ನಾನಿದ್ದೀನಲ್ಲ, ಅದು ನಂಬಿತು, ಅವನ ಮುಖ ನೋಡುತ್ತಾ ನಂಬಿತು — ಶಿಕ್ಷೆ ಬಗ್ಗೆ ಏನಾದರೂ ಹೇಳೋದಿದೆಯೇನಪ್ಪಾ, ನ್ಯಾಯಾಧೀಶರ ದನಿ, ನಿನ್ನನ್ನೇ ಕೇಳ್ತಿರೋದು, ಪೊಲೀಸಿನವನು ಮೊಣಕೈಯಿಂದ ತಿವಿಯುತ್ತಾನೆ, ಹೇಳಬೇಕು, ಒಳಗೆ ಹೋಗಿಲ್ಲ ಎನ್ನಬೇಕು, ಅಂಗೈ ಬೆಚ್ಚಗಾಗಿದೆ, ಅಂಗೈಯಡಿ ಕಿವಿ ಏಳುತ್ತದೆ, ಒತ್ತುತ್ತಾನೆ, ಏಳುತ್ತದೆ, ಒತ್ತುತ್ತಾನೆ —